ತುಳಜವ್ವನ ಬೋರ್ಡಿಗೆ ಉಂಡಿ ಅಕ್ಷರ

ನಮ್ಮೂರಲ್ಲಿ ಯಾರ ಜೊತೆ ಮಾತಾಡಬೇಕಾದರೂ ಮೊದಲು ಕತ್ತೆತ್ತಿ ಅವರ ಬಾಗಿಲ ಮೇಲಿನ ಬೋರ್ಡು ನೋಡುತ್ತಾರೆ. ಮುಖ ಆಮೇಲೆ. ಬೋರ್ಡಿನಲ್ಲಿ ಹೆಸರು ಯಾವ ಅಕ್ಷರದಲ್ಲಿದೆಯೋ ಮನುಷ್ಯನ ಗುಣವೂ ಅದೇ. ಬಟ್ಟೆ ಅಂಗಡಿ ಕಾಡಪ್ಪನದು ನಾಲ್ಕು ಮೂಲೆಯ ಚೌಕ ಅಕ್ಷರ. ಆತ ಗಜದ ಮೇಲೆ ಒಂದು ನೂಲು ಹೆಚ್ಚಿಗೆ ಹರಿಯುವುದಿಲ್ಲ, ಒಂದು ನೂಲು ಕಡಿಮೆಯೂ ಕೊಡುವುದಿಲ್ಲ. ಅಂಚೆ ಮಾಸ್ತರರದು ಸಪೂರ, ಎತ್ತರದ ಅಕ್ಷರ. ಅವರು ಠಸ್ಸೆ ಹೊಡೆದರೆ ಪಕ್ಕದಲ್ಲಿ ಮಲಗಿದ ಬೆಕ್ಕಿಗೂ ಎಚ್ಚರವಾಗುವುದಿಲ್ಲ. ಬಿಸಿಲಿಗೆ ಬಣ್ಣ ಮಾಸಿತೆಂದರೆ ಜನ ನನ್ನ ಮನೆಗೆ ಬರುತ್ತಾರೆ: "ರಾಚಪ್ಪಾ, ಯಾಕೋ ಈಚೀಚೆಗೆ ಸಿಟ್ಟ ಬರವಲ್ದು, ಎರಡ ಸಲ ಬ್ರಷ್ ಆಡಿಸಿ ಹೋಗು."

ಆ ರಾಚಪ್ಪ ನಾನೇ. ಊರಿಗೆಲ್ಲ ಬೋರ್ಡು ಬರೆಯುವವನು. ನನಗೆ ಗುರು ಅಂತ ಯಾರೂ ಇಲ್ಲ. ಲಾರಿಗಳ ಹಿಂಭಾಗ, ಬೀಜದ ಚೀಲ, ಸರ್ಕಸ್ ಕಂಪನಿಯವರು ಬಿಟ್ಟುಹೋದ ಪರದೆ, ಇವನ್ನೇ ನೋಡಿ ನೋಡಿ ಕಲಿತೆ. ಮೊದಮೊದಲು ನಾನು ಬರೆದ ಬೋರ್ಡಿನವರೆಲ್ಲ ಓವರ್‌ಟೇಕ್ ಮಾಡುವ ಲಾರಿಗಳ ಹಾಗೆ ನಡೆದಾಡುತ್ತಿದ್ದರು. ಆಮೇಲೆ ಕೈ ಪಳಗಿತು. ನನ್ನ ಬಾಗಿಲಿಗೆ ಮಾತ್ರ ಬೋರ್ಡಿಲ್ಲ. ಊರವರ ಗುಣ ತಿದ್ದುವುದರಲ್ಲಿ ನನ್ನದಕ್ಕೆ ಪುರುಸೊತ್ತಾಗಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ. ಧೈರ್ಯವಾಗಿಲ್ಲ ಎನ್ನುವುದೇ ನಿಜ.

ಬಸ್‌ಸ್ಟ್ಯಾಂಡಿನ ಎದುರಿಗೆ ತುಳಜವ್ವನ ಖಾನಾವಳಿ ಇದೆ. ಬಿಸಿ ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ, ಜೊತೆಗೆ ಬೈಗುಳ. ಆ ಬೋರ್ಡನ್ನು ಬರೆದವನು ನಾನಲ್ಲ. ನನಗಿಂತ ಹಿಂದೆ ಊರು ಹಾಯ್ದು ಹೋದ ಯಾವನೋ ಒಬ್ಬ, ಜಾಲಿಮುಳ್ಳು ಜೋಡಿಸಿಟ್ಟ ಹಾಗೆ ಬರೆದು ಹೋಗಿದ್ದನಂತೆ. ಆಕೆಯ ಬಾಯಿಯೂ ಹಾಗೇ ಆಯಿತು ಎನ್ನುವುದು ಊರಿಗೆಲ್ಲ ಗೊತ್ತು. "ಇನ್ನೊಂದ ರೊಟ್ಟಿ ಹಾಕವ್ವಾ" ಎಂದರೆ, "ಹೊಟ್ಟಿ ಐತೋ ಜ್ವಾಳ ತುಂಬೂ ಹಗೇವು ಐತೋ?" ಎನ್ನುತ್ತಾಳೆ. ಉಪ್ಪು ಕಡಿಮೆ ಎಂದವನಿಗೆ, "ಅಳಕೋಂತ ತಿನ್ನು, ಸರಿಹೋಗ್ತೈತಿ" ಎನ್ನುತ್ತಾಳೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕತ್ತೆತ್ತಿ ಬೋರ್ಡು ನೋಡಿ, ಪಾಪ ಆಕೆ ತಾನೇ ಏನು ಮಾಡಿಯಾಳು ಎಂದುಕೊಂಡು ತಿನ್ನುತ್ತಾರೆ.

ನಾನು ಹನ್ನೊಂದು ವರ್ಷದಿಂದ ಪ್ರತಿ ಮಂಗಳವಾರ ಆಕೆಯನ್ನು ಮದುವೆಯಾಗೆಂದು ಕೇಳುತ್ತಿದ್ದೆ. ನನ್ನ ಹೆಂಡತಿ ತೀರಿ ಹದಿನಾಲ್ಕು ವರ್ಷ, ಆಕೆಯ ಗಂಡ ತೀರಿ ಅದಕ್ಕೂ ಹೆಚ್ಚು. ಮಂಗಳವಾರವೇ ಯಾಕೆಂದರೆ ಅವತ್ತು ಗಿರಾಕಿ ಕಡಿಮೆ, ನಗುವವರೂ ಕಡಿಮೆ. ಉತ್ತರ ಮಾತ್ರ ಪ್ರತಿ ವಾರ ಹೊಸದು. ಒಂದು ವಾರ, "ಮೊದಲ ನಿನ್ನ ಮಾರಿಗೆ ಎರಡ ಕೋಟ್ ಪ್ರೈಮರ್ ಹೊಡಕೊಂಡ ಬಾ." ಇನ್ನೊಂದು ವಾರ, "ನಮ್ಮ ಎಮ್ಮಿಗೆ ಗಂಡ ನೋಡಾಕತ್ತೀನಿ. ನಿನ್ನ ಹೆಸರ ಹೇಳಿದೆ. ಎಮ್ಮಿ ಒಲ್ಲೆ ಅಂತು." ಮತ್ತೊಂದು ವಾರ ಏನೂ ಹೇಳದೆ ನನ್ನ ತಾಟಿಗೆ ಒಂದು ಹಸಿಮೆಣಸಿನಕಾಯಿ ಎಸೆದು ಹೋದಳು. ನನಗೆ ಒಂದು ದಿನವೂ ನೋವಾಗಲಿಲ್ಲ. ಆಕೆಯ ತಲೆಯ ಮೇಲಿನ ಹಲಗೆ ನೋಡಿ, "ಹಾಳಾದ ಮುಳ್ಳಕ್ಷರ, ನೀ ಇಲ್ಲದಿದ್ದರ ಈಕಿ ಯಾವತ್ತೋ ಹೂಂ ಅಂತಿದ್ಲು" ಎಂದು ಮನಸ್ಸಲ್ಲೇ ಬೈದು, ಕೈ ತೊಳೆದು ಎದ್ದು ಬರುತ್ತಿದ್ದೆ.

ಹೀಗಿರುವಾಗ ಹಲ್ಲು ಕೀಳುವ ಪರಪ್ಪ ನನ್ನ ಕಟ್ಟೆಯ ಮೇಲೆ ಬಂದು ಕೂತು ಅತ್ತ. "ಮಂದಿ ನನ್ನ ಬೋರ್ಡ್ ನೋಡಿದ ಕೂಡ್ಲೇ ಹಲ್ಲುನೋವು ವಾಸಿ ಆತು ಅಂತ ಓಡಿ ಹೋಗ್ತಾರಪ್ಪಾ. ಒಂಚೂರು ಗೆಳೆತನದ ಅಕ್ಷರ ಬರೆದುಕೊಡು." ಗೆಳೆತನದ ಅಕ್ಷರ! ನಾನು ಅಂಥದ್ದನ್ನು ಎಂದೂ ಬರೆದಿರಲಿಲ್ಲ. ಮೊದಲು ದಪ್ಪಗೆ, ನೆಟ್ಟಗೆ ಬರೆದು ನೋಡಿದೆ. ಪರಪ್ಪ ಪೈಲ್ವಾನನ ಹಾಗೆ ರೋಗಿಯ ಎದೆಯ ಮೇಲೆ ಕೂತು ಹಲ್ಲು ಕಿತ್ತ. ಅಳಿಸಿ, ತೆಳ್ಳಗೆ ವಾಲಿಸಿ ಬರೆದೆ. ಅರ್ಧ ಕಿತ್ತ ಹಲ್ಲನ್ನು ಹಾಗೇ ಬಿಟ್ಟು ಇನ್ನೊಬ್ಬನ ಬಾಯಿಗೆ ಓಡಿದ. ತೆಳ್ಳಗೆ, ಗುಂಡಗೆ ಬರೆದೆ. ಚಿಮಟ ಹಿಡಿದ ಕೈ ಗಡಗಡ ನಡುಗತೊಡಗಿತು. ಮೂರು ವಾರ ಇದೇ ಆಯಿತು. ಕೊನೆಗೆ ಹೊಳೆದದ್ದು ಪಂಚಮಿ ಹಬ್ಬದ ಉಂಡಿಯ ತಾಟು ನೋಡಿದಾಗ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಒಂದಕ್ಕೊಂದು ಒತ್ತಿಕೊಂಡು, ಪಕ್ಕದವನ ಹೆಗಲಿಗೆ ಒರಗಿದ ಹಾಗೆ ಕೂತಿದ್ದವು. ಮೂಲೆ ಇರುವ ಉಂಡಿಯನ್ನು ಯಾರೂ ಕಟ್ಟುವುದಿಲ್ಲವಲ್ಲ! ಬ್ರಷ್ ತೆಗೆದುಕೊಂಡು ದಪ್ಪಗೆ ಬರೆದೆ, ಪ್ರತಿ ಗೆರೆಯ ತುದಿಯನ್ನೂ ಹಿಟ್ಟಿನ ಹಾಗೆ ದುಂಡಗೆ ಮುಗಿಸಿದೆ, ತಲೆಕಟ್ಟನ್ನು ಚೂಪಾಗಿ ಎಳೆಯದೆ ಟೋಪಿ ತೆಗೆದು ನಮಸ್ಕಾರ ಹೇಳುವವನ ಹಾಗೆ ಬಾಗಿಸಿದೆ. ಇನ್ನು ಎಷ್ಟು ವಾಲಿಸಬೇಕು ಎಂಬುದು ಉಳಿಯಿತು. ನೆಟ್ಟಗೆ ನಿಂತರೆ ಸಾಹೇಬ ಆಗುತ್ತಾನೆ, ಜಾಸ್ತಿ ವಾಲಿದರೆ ಕುಡುಕ ಆಗುತ್ತಾನೆ. ಮೊಮ್ಮಗಳ ಗುಟ್ಟು ಕೇಳಿಸಿಕೊಳ್ಳಲು ಅಜ್ಜ ಬಾಗುತ್ತಾನಲ್ಲ, ಅಷ್ಟೇ ವಾಲಿಸಿದೆ.

ಮರುದಿನ ಪರಪ್ಪನ ಬಾಗಿಲಲ್ಲಿ ಸಾಲು. ಹಲ್ಲು ನೆಟ್ಟಗಿದ್ದವರೂ ಬಂದಿದ್ದರು. ಆತ ಒಬ್ಬೊಬ್ಬರ ಕೆನ್ನೆ ಸವರಿ, "ಎಂಥಾ ಚಂದದ ಹಲ್ಲು! ಇವನ್ನ ಕೀಳಾಕ ನನಗ ಮನಸರ ಹೆಂಗ ಬರ್ತೈತಿ?" ಎಂದು ಚಹಾ ಕುಡಿಸಿ ಕಳಿಸಿದ. ಹಲ್ಲುನೋವಿನವರು ನೋವು ಹೊತ್ತುಕೊಂಡೇ ನಗುತ್ತ ಮನೆಗೆ ಹೋದರು. ಊರವರು ಆ ಅಕ್ಷರಕ್ಕೆ ಉಂಡಿ ಅಕ್ಷರ ಎಂದು ಹೆಸರಿಟ್ಟರು. ಎರಡು ವಾರ ಕಳೆಯುವುದರಲ್ಲಿ ಹಾಲಿನ ಡೈರಿ, ಚಪ್ಪಲಿ ಅಂಗಡಿ, ಹಿಟ್ಟಿನ ಗಿರಣಿ ಎಲ್ಲದಕ್ಕೂ ಉಂಡಿಯೇ ಬೇಕಾಯಿತು. ಬಟ್ಟೆ ಕಾಡಪ್ಪ ಕೂಡ ಬರೆಸಿಕೊಂಡ. ಗಜ ಬಿಸಾಡಿ, "ನಿಮಗೆಷ್ಟ ಬೇಕೋ ಅಷ್ಟ ಹರಕೊಳ್ರಿ" ಎಂದು ಕತ್ತರಿಯನ್ನು ಗಿರಾಕಿಯ ಕೈಗೇ ಕೊಟ್ಟ.

ಆಗ ಊರಿನ ಅಧ್ಯಕ್ಷ ದೊಡ್ಡನಗೌಡರು ನನ್ನನ್ನು ಕರೆಸಿದರು. ಅವರ ಬೋರ್ಡು ಗಡಿಕಲ್ಲಿನ ಹಾಗೆ ಅಗಲ, ಗಟ್ಟಿ, ಒಂದಿಂಚೂ ಅಲುಗದ್ದು. "ರಾಚಪ್ಪಾ, ಊರಂದ್ರ ಒಂದ ಮನಿ ಇದ್ದಂಗ ಇರಬೇಕು. ಒಬ್ಬ ನಕ್ಕು, ಒಬ್ಬ ಮಾರಿ ಗಂಟ ಹಾಕಿದ್ರ ನಡೆಯೂದಿಲ್ಲ. ಬರೂ ಹುಣ್ಣಿಮಿ ಹೊತ್ತ ಮುಳುಗೂದ್ರೊಳಗ ಎಲ್ಲಾ ಬೋರ್ಡೂ ಉಂಡಿ ಅಕ್ಷರ ಆಗಬೇಕು. ಯಾರು ಬರೆಸೂದಿಲ್ಲೋ ಅವರ ಬಾಗಿಲಿಗೆ ಬೀಗ. ಹಾಕಿದ ಬೀಗ ತೆಗೆಯೂ ಮಾತಿಲ್ಲ." ಜಮಾದಾರ ಹುಸೇನಸಾಬರು ಸೆಲ್ಯೂಟ್ ಹೊಡೆದು ಡಂಗುರ ಸಾರಿದರು. ಅಪ್ಪಣೆ ಹೊರಟ ಮೇಲೆ ಮರ್ಯಾದೆಯ ಪ್ರಕಾರ ಮೊಟ್ಟಮೊದಲು ಗೌಡರ ಬೋರ್ಡನ್ನೇ ಬರೆದೆ, ಆಮೇಲೆ ಜಮಾದಾರರದು. ಇದರಲ್ಲಿ ಏನಾದರೂ ಎಡವಟ್ಟಿದೆ ಎಂದು ನನಗಾಗಲಿ ಗೌಡರಿಗಾಗಲಿ ಅನ್ನಿಸಲಿಲ್ಲ. ದೊಡ್ಡವರದು ಮೊದಲು, ಅಷ್ಟೇ.

ಹುಣ್ಣಿಮೆ ಹತ್ತಿರವಾದ ಹಾಗೆ ನಮ್ಮೂರಿನಲ್ಲಿ "ಇಲ್ಲ" ಎನ್ನುವ ಮಾತೇ ಇಲ್ಲವಾಯಿತು. ಬಸ್‌ಸ್ಟ್ಯಾಂಡಿನ ಕಂಟ್ರೋಲರು ಸೀಟಿ ಊದಲಿಲ್ಲ. "ಪಾಪ, ಇನ್ನೊಬ್ಬರ‍್ಯಾರರ ಬರಬಹುದು" ಎಂದು ಮುಂಜಾನೆಯ ಬಸ್ಸನ್ನು ಮಧ್ಯಾಹ್ನದ ತನಕ ನಿಲ್ಲಿಸಿಕೊಂಡರು. ಹತ್ತಿದವರಿಗೂ ಇಳಿದು ಜಗಳ ತೆಗೆಯುವ ಮನಸ್ಸಿಲ್ಲ; ಸೀಟಿನಲ್ಲಿ ಕೂತು ಒಬ್ಬರಿಗೊಬ್ಬರು ಬುತ್ತಿ ಹಂಚಿಕೊಂಡರು. ಹುಸೇನಸಾಬರು ಕಳ್ಳನನ್ನು ಹಿಡಿದು, ಅವನ ಸಂಸಾರದ ಕಥೆ ಕೇಳಿ, ಕದ್ದ ಕೋಳಿಗೆ ಮಸಾಲೆ ಅರೆಸಿಕೊಟ್ಟರು. ಗಲಗಲಿ ಡಾಕ್ಟರದಂತೂ ಕೇಳಲೇಬೇಡಿ. ಅಟ್ಟದಿಂದ ಬಿದ್ದ ಕಾಡಪ್ಪನನ್ನು ನಾಲ್ಕು ಜನ ಹೊತ್ತುಕೊಂಡು ಹೋದರೆ, ಕಾಲು ಸವರಿ, "ಏನೂ ಆಗಿಲ್ಲ ನಿಮಗ. ಬಾಳ ಲಕ್ಷಣ ಅದೀರಿ" ಎಂದು ಕಳಿಸಿಬಿಟ್ಟರು.

ಕಾಡಪ್ಪ ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಸೀದಾ ತುಳಜವ್ವನ ಖಾನಾವಳಿಗೆ ಬಂದ. ನಾನು ಅಲ್ಲೇ ಊಟಕ್ಕೆ ಕೂತಿದ್ದೆ.

"ತುಳಜವ್ವಾ, ಈ ಕಾಲ ಒಂಚೂರು ನೋಡು."

"ನೋಡೂದೇನು, ಮುರದೈತಿ. ಮೊಣಕಾಲ ಮುಂದಿದ್ದದ್ದು ಪಕ್ಕಕ್ಕ ತಿರುಗೇತಿ, ಕಣ್ಣ ಕಾಣೂದಿಲ್ಲೇನು? ಹೋಗು, ಎಲುಬ ಕೂಡಸಾವನ ಮನಿಗೆ ಹೋಗಿ ಬಿದಿರ ಕಟ್ಟಿಸ್ಕೋ, ಇಲ್ಲಿ ನಿಂತ ಹಲ್ಲ ಕಿಸೀಬ್ಯಾಡ."

ಕಾಡಪ್ಪನ ಕಣ್ಣಲ್ಲಿ ನೀರು ಬಂತು. "ಎಷ್ಟ ದಿನಾ ಆಗಿತ್ತವ್ವಾ ಯಾರರ ಬೈದು!" ಎಂದು ಕುಪ್ಪಳಿಸುತ್ತ ಹೋದ.

ಅವತ್ತಿನಿಂದ ಖಾನಾವಳಿಯ ಮುಂದೆ ಸಾಲು ಹತ್ತಿತು. ಊಟಕ್ಕಲ್ಲ, ಕೇಳುವುದಕ್ಕೆ. ಹೊಸ ಸೀರೆ ಒಪ್ಪುತ್ತದೋ ಇಲ್ಲವೋ, ಮಾವನಿಗೆ ಬಂದ ಜ್ವರ ಎಂಥದ್ದು, ಮಗಳು ಹಾಡಿದರೆ ಹಾಡಿನ ಹಾಗೆ ಕೇಳುತ್ತದೋ, ಎಲ್ಲವನ್ನೂ ಅಲ್ಲಿಗೇ ತಂದರು. ತುಳಜವ್ವ ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಒಬ್ಬೊಬ್ಬರಿಗೆ ತೀರ್ಪು ಕೊಡುತ್ತಿದ್ದಳು. "ಒಪ್ಪೂದಿಲ್ಲ, ಕಿಟಕಿಗೆ ಕಟ್ಟು." "ಇದು ಸಣ್ಣ ಜ್ವರ ಅಲ್ಲ, ಪಟ್ಟಣದ ಆಸ್ಪತ್ರಿಗೆ ಕರಕೊಂಡ ಹೋಗು, ಇವತ್ತ ಹೋಗು." "ನಿನ್ನ ಮಗಳ ಹಾಡಿದ್ದಕ್ಕ ನಮ್ಮ ಎಮ್ಮಿ ಹಾಲ ಏರಿಸಿಕೊಂತು, ಸಾಕ ಮಾಡಸು." ನಡುನಡುವೆ ನನ್ನ ಕಡೆ ತಿರುಗಿ, "ಎಲ್ಲಾ ನಿನ್ನ ಕಿತಾಪತಿ ಮೂಳಾ. ನಾ ಖಾನಾವಳಿ ಇಟ್ಟೀನೋ ಕಚೇರಿ ಇಟ್ಟೀನೋ?" ಎನ್ನುತ್ತಿದ್ದಳು.

ಊರಿನಲ್ಲಿ ಎಲ್ಲ ಬೋರ್ಡೂ ಮುಗಿದು ಆಕೆಯದೊಂದೇ ಉಳಿಯಿತು. ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೆ. ಆ ಮುಳ್ಳನ್ನು ಕೆರೆದು ಉಂಡಿ ಬರೆದರೆ ಮುಂದಿನ ಮಂಗಳವಾರ ಆಕೆ ಹೂಂ ಅನ್ನುವುದು ಖಂಡಿತ. ಉಂಡಿ ಅಕ್ಷರದ ಕೆಳಗೆ ನಿಂತು ಯಾರೂ ಯಾರಿಗೂ ಒಲ್ಲೆ ಎಂದದ್ದಿಲ್ಲ. ಸಿಕ್ಕವರೆಲ್ಲ ಬಾಗಿ ಬಾಗಿ ನನ್ನ ಕಿವಿಯಲ್ಲಿ ಅದನ್ನೇ ಹೇಳುತ್ತಿದ್ದರು. "ರಾಚಪ್ಪಣ್ಣಾ, ತಾನಾಗೇ ಒದಗಿ ಬಂದೈತಿ, ಬರದಬಿಡು." ಹುಸೇನಸಾಬರು ನನ್ನ ಹೆಗಲ ಮೇಲೆ ಕೈ ಹಾಕಿ, "ಮದವಿ ಊಟಕ್ಕ ನಮ್ಮ ಮನ್ಯಾಗಿಂದ ಬಿರಿಯಾನಿ ಹಂಡೆ" ಎಂದರು. ಬರೆಯದಿದ್ದರೂ ಗತಿಯಿಲ್ಲ, ಹೊತ್ತು ಮುಳುಗಿದರೆ ಬೀಗ. ಇಪ್ಪತ್ತೆರಡು ವರ್ಷದಿಂದ ಆ ಒಲೆ ಒಂದು ದಿನ ಆರಿಲ್ಲ. ಆಕೆಗೆ ಅದು ಬಿಟ್ಟು ಬೇರೆ ಮನೆಯಿಲ್ಲ. ಒಲೆಯ ಹಿಂದಿನ ಕೋಣೆಯೇ ಮನೆ.

ಹುಣ್ಣಿಮೆಯ ದಿನ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಏಣಿ ಹೊತ್ತುಕೊಂಡು ಹೋದೆ. ತುಳಜವ್ವ ಬಾಗಿಲಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು.

"ಬಂದಿ?"

"ಬಂದೆ. ಅಪ್ಪಣೆ ಐತಿ."

"ಅಪ್ಪಣೆ ಐತಂತ ನನಗೂ ಗೊತ್ತೈತಿ. ನಿನಗ ಬರೀಬೇಕು ಅನ್ನಿಸೇತೇನು, ಅದನ್ನ ಹೇಳು."

ನಾನು ಬಣ್ಣ ಕಲಕಿದೆ. ಆಗಲೇ ಕಲಕಿದ್ದ ಬಣ್ಣವನ್ನು ಮತ್ತೆ ಕಲಕಿದೆ.

"ಬರೀಲಿಲ್ಲಂದ್ರ ಬೀಗ ಹಾಕ್ತಾರ" ಎಂದೆ.

"ಒಲಿ ಆರಿಸಿ ನಾ ಎಲ್ಲಿಗೆ ಹೋಗ್ಲಿ? ಬರಸಿದ್ರ, ಬಂದವರ ಮುಂದ ಹಲ್ಲ ಕಿಸಕೋಂತ ಹೆಂಗ ಕುಂದ್ರಲಿ? ಕಾಡಪ್ಪನ ಕಾಲ ಯಾರ ನೋಡ್ತಾರ?" ತೊಟ್ಟು ಬಿಡಿಸುವ ಕೈ ನಿಲ್ಲಲಿಲ್ಲ. "ಏಣಿ ಹತ್ತು, ಹತ್ತು. ಬ್ರಷ್ ನಿನ್ನ ಕೈಯಾಗ ಐತಿ. ನೋಡೂಣು ಏನ ಮಾಡ್ತೀ."

ಹತ್ತಿದೆ. ಹಲಗೆಯ ಮೇಲೆ ಇಪ್ಪತ್ತೆರಡು ವರ್ಷದ ಒಗ್ಗರಣೆ ಕಪ್ಪಗೆ, ಅಂಟಂಟಾಗಿ ಕೂತಿತ್ತು. ಹೊಸ ಬಣ್ಣ ಹಿಡಿಯಬೇಕಾದರೆ ಹಳೆಯದನ್ನು ಕೆರೆಯಬೇಕು. ಕೆರೆದೆ. ಮಸಿ ಉದುರಿತು, ಅದರ ಕೆಳಗೆ ಎಣ್ಣೆ ಜಿಡ್ಡು, ಅದನ್ನೂ ಕೆರೆದೆ, ಕೆಳಗೆ ಬರೀ ಕಟ್ಟಿಗೆ. ಈ ತುದಿಯಿಂದ ಆ ತುದಿಗೆ ಕೆರೆದೆ. ಒಂದು ಮುಳ್ಳಿಲ್ಲ, ಒಂದು ಗೆರೆಯಿಲ್ಲ, ಒಂದು ಚುಕ್ಕೆ ಬಣ್ಣವಿಲ್ಲ. ಬರೀ ಹಲಗೆ. ನಾನು, ಬೋರ್ಡು ಬರೆದೇ ಹೊಟ್ಟೆ ಹೊರೆಯುವವನು, ಪ್ರತಿ ಮಂಗಳವಾರ ಇದೇ ಹಲಗೆ ನೋಡಿ ಮುಳ್ಳಿನ ಒಂದೊಂದು ಮೊನೆಯನ್ನೂ ಕಂಡೆ ಎಂದು ನಂಬಿ ಬೈದು ಹೋಗಿದ್ದೆ!

"ತುಳಜವ್ವಾ, ಇಲ್ಲಿ ಅಕ್ಷರ ಇಲ್ಲ."

"ಇಲ್ಲ."

"ಯಾವಾಗ ಹೋದ್ವು?"

"ಹನ್ನೆರಡ ವರ್ಷಾತು. ಒಂದ ಬ್ಯಾಸಿಗ್ಯಾಗ ಚಕ್ಕಿ ಚಕ್ಕಿ ಎದ್ದು ಉದುರಿದ್ವು. ಕಡೀ ಚಕ್ಕಿ ಹಿಟ್ಟಿನ ಪರಾತದಾಗ ಬಿದ್ದಿತ್ತು, ಆರಿಸಿ ಒಗದೆ."

ಹನ್ನೆರಡು ವರ್ಷ. ನಾನು ಕೇಳಲು ಶುರು ಮಾಡಿದ್ದು ಹನ್ನೊಂದು ವರ್ಷದ ಹಿಂದೆ. ಪ್ರೈಮರ್, ಎಮ್ಮೆ, ಮೆಣಸಿನಕಾಯಿ, ಒಂದೊಂದೇ ನೆನಪಾಗಿ ಒಂದೊಂದೇ ಚುಚ್ಚಿತು. ಹನ್ನೊಂದು ವರ್ಷದ ನೋವು ಒಂದೇ ಮಧ್ಯಾಹ್ನ ಕೂಡಿ ಬಂದರೆ ಮನುಷ್ಯ ಏನು ಮಾಡಬೇಕು? ಕೇಳಿದೆ: "ಹಂಗಾದ್ರ ಆ ಒಲ್ಲೆ ಅಂದದ್ದೆಲ್ಲಾ..."

"ನಾನ ಅಂದದ್ದು. ಬೈಗುಳಾನೂ ನಂದ. ಮತ್ಯಾರ ಬಂದು ಬೈತಾರ ನನ್ನ ಬಾಯಾಗ ಕುಂತು?"

ಬ್ರಷ್ ನನ್ನ ಕೈಯಲ್ಲೇ ಇತ್ತು, ಡಬ್ಬಿ ಏಣಿಗೆ ನೇತಾಡುತ್ತಿತ್ತು. ಹಲಗೆಯೂ ಈಗ ಸ್ವಚ್ಛವಾಗಿ, ಬರೆಸಿಕೊಳ್ಳಲು ತಯಾರಾಗಿತ್ತು. ಎಂಟೊಂಬತ್ತು ಅಕ್ಷರ, ಅರ್ಧ ತಾಸಿನ ಕೆಲಸ. ಅರ್ಧ ತಾಸಿನ ನಂತರ ನಾನು ಕೇಳಿದರೆ ಆಕೆ ವಾಲಿಕೊಂಡು ನಗುತ್ತ ಹೂಂ ಅನ್ನುತ್ತಾಳೆ. ಅದೇ ಬಾಯಲ್ಲಿ ಹುಸೇನಸಾಬರಿಗೂ ಹೂಂ, ಪರಪ್ಪನಿಗೂ ಹೂಂ, ಬಾಗಿಲಿಗೆ ಬಂದ ನಾಯಿಗೂ ಹೂಂ. ಡಬ್ಬಿಯ ಮುಚ್ಚಳ ಹಾಕಿ ಕೆಳಗಿಳಿದೆ. ಆಕೆ ತೊಟ್ಟು ಬಿಡಿಸಿದ ಮೆಣಸಿನಕಾಯಿಯ ಪುಟ್ಟಿಯನ್ನು ಒಳಗೆ ಇಟ್ಟುಬಂದಳು.

ಹೊತ್ತು ಇಳಿಯುವ ಮುಂಚೆ ಗೌಡರು, ಜಮಾದಾರರು, ಹಿಂದೆ ಇಪ್ಪತ್ತು ಮೂವತ್ತು ಮಂದಿ, ಎಲ್ಲರೂ ಒಂದೇ ಕಡೆಗೆ ಒಂದಿಷ್ಟು ವಾಲಿಕೊಂಡು, ಎಲ್ಲರೂ ನಗುತ್ತ ಬಂದರು. ಹುಸೇನಸಾಬರ ಕೈಯಲ್ಲಿ ಕುಂಬಳಕಾಯಿ ಗಾತ್ರದ ಹಿತ್ತಾಳೆ ಬೀಗ. ಎಲ್ಲರೂ ಕತ್ತೆತ್ತಿ ಬರೀ ಹಲಗೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಬರದಿಲ್ಲಲ್ಲೋ ರಾಚಪ್ಪಾ" ಎಂದರು ಗೌಡರು, ಮಗುವಿಗೆ ಹೇಳುವ ಹಾಗೆ.

"ಬರಿಯೂದಿಲ್ರಿ."

"ಅಯ್ಯ, ಇರಲಿ ಬಿಡು, ಬ್ಯಾಸರ ಮಾಡ್ಕೋಬ್ಯಾಡ. ಅಪ್ಪಣೆ ಐತಲ್ಲ, ಅದಕ್ಕ ಬೀಗ ಹಾಕೂಣಂತ. ಹುಸೇನಸಾಬ್ರ, ಹಾಕ್ರಿ."

"ನಾನ್ರಿ? ಛೇ ಛೇ, ದೊಡ್ಡವರ ಮುಂದ ನಾನ್ಹೆಂಗ ಹಾಕ್ಲಿ? ನೀವ ಹಾಕ್ರಿ, ನಿಮ್ಮ ಕೈ ಬಾಳ ಶುಭ."

"ಹಂಗಂದ್ರ ಹೆಂಗ, ಬೀಗ ನಿಮ್ಮದು. ನಿಮ್ಮ ಬೀಗಕ್ಕ ನಾ ಕೈ ಹಚ್ಚಿದ್ರ ಏನ ಚಂದ?"

"ಅಯ್ಯೋ ಗೌಡ್ರ, ನಂದು ನಿಂದು ಅಂತ ಬ್ಯಾರೆ ಐತೇನು?"

ಬೀಗ ಆ ಕೈಯಿಂದ ಈ ಕೈಗೆ, ಈ ಕೈಯಿಂದ ಅಂಚೆ ಮಾಸ್ತರರ ಕೈಗೆ, ಅಲ್ಲಿಂದ ಪರಪ್ಪನ ಕೈಗೆ ಹೋಯಿತು. ಎಲ್ಲರೂ ಅದನ್ನು ಬಹಳ ಚೆನ್ನಾಗಿದೆ ಎಂದು ಹೊಗಳಿ ಮುಂದಕ್ಕೆ ಕೊಟ್ಟರು. ಬೀಗ ಹಾಕಿಸಿಯೇ ತೀರುವ ಗೌಡನನ್ನು ನಾನೇ ಕೆರೆದು ಅಳಿಸಿಹಾಕಿದ್ದೆನಲ್ಲ! ಹೊತ್ತು ಒಂದು ಮಾರು ಉಳಿದಿತ್ತು. ತುಳಜವ್ವ ಸೊಂಟಕ್ಕೆ ಕೈಯಿಟ್ಟು ಹೊರಗೆ ಬಂದಳು.

"ಏ, ಏನ್ ಹಚ್ಚೀರಿ? ಬೀಗ ಹಾಕೂದಿದ್ರ ಹಾಕ್ರಿ, ಇಲ್ಲಾಂದ್ರ ದಾರಿ ಬಿಡ್ರಿ, ಉಣ್ಣೂ ಮಂದಿ ಬರೂ ಹೊತ್ತಾತು. ಗೌಡಾ, ನಿನಗ ಬುದ್ಧಿ ಯಾವಾಗ ಬರ್ತೈತಿ? ಅಂಗಳದಾಗ ದನ ಹೊಕ್ಕು ನಿನ್ನ ಜೋಳ ಮೇಯಾಕತ್ತು ಎಂಟ ದಿನಾತು, ಓಡಿಸೂದ ಬಿಟ್ಟು ಅದಕ್ಕ ಹಿಂಡಿ ಇಡ್ತೀಯಂತಲ್ಲ!"

ಗೌಡರ ನಗು ಒಂದು ಕಡೆಯಿಂದ ಕಳಚಿತು. "ಹೌದವ್ವಾ" ಎಂದು ಜಗಲಿಯ ಮೇಲೆ ಕೂತೇಬಿಟ್ಟರು. "ದನ ಹೋಗ್ಲಿ ಬಿಡು. ನಮ್ಮ ಮನಿಯಾಕಿ ಹೆಸರೂ ನನ್ನ ಬೋರ್ಡಿನ ಮ್ಯಾಲ ಬರಸಿದ್ದೆ. ಇಪ್ಪತ್ತ ದಿನದಿಂದ ನಾ ಏನಂದ್ರೂ ಆಕಿ ಹೌದ್ರಿ ಅಂತಾಳ. ಸೂರ್ಯ ಪಡುವಣಕ್ಕ ಹುಟ್ಟತಾನ ಅಂದೆ, ಹೌದ್ರಿ ಅಂದ್ಲು. ನನಗ ಅಂಜಿಕಿ ಬಂದೈತಿ."

"ಅಂಜಿಕಿ ಬರಬೇಕು. ಕೈ ತೊಳಕೊಂಡು ಒಳಗ ಕುಂದ್ರು. ಕಾಲ ಒರಸ್ಕೋ ಮೊದಲು."

ಗೌಡರು ಕಾಲು ಒರೆಸಿಕೊಂಡು ಒಳಗೆ ಹೋದರು. ಹಿಂದೆಯೇ ಜಮಾದಾರರು, ಅವರ ಹಿಂದೆ ಎಲ್ಲರೂ. ಅಂದು ಖಾನಾವಳಿಯಲ್ಲಿ ಊರವರೆಲ್ಲ ಉಂಡು, ಹೊಟ್ಟೆ ತುಂಬ ಬೈಸಿಕೊಂಡರು. ಹೊತ್ತು ಯಾವಾಗ ಮುಳುಗಿತೋ ಯಾರೂ ನೋಡಲಿಲ್ಲ. ಬೀಗವನ್ನು ಹುಸೇನಸಾಬರು ತುಳಜವ್ವನಿಗೆ ಉಡುಗೊರೆ ಎಂದು ಕೊಟ್ಟು ಹೋದರು. ಈಗ ಅದು ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿದೆ.

ಮರುವಾರ ಊರವರು ಒಬ್ಬೊಬ್ಬರಾಗಿ ಬಂದು ಹಳೆಯ ಅಕ್ಷರ ವಾಪಸು ಬೇಕೆಂದರು. ಗೌಡರಂತೂ ಏಣಿಯನ್ನು ತಾವೇ ಹಿಡಿದರು. ನಾನು ಬರೆದೆ, ಆದರೆ ಬಾಯಿ ಬಿಡಲಿಲ್ಲ. ಮಾತಾಡದೆ ಬೋರ್ಡು ಬರೆಯುವ ರಾಚಪ್ಪನನ್ನು ನೋಡಿ ಜನ ಕಾಹಿಲೆ ಇರಬೇಕು ಎಂದುಕೊಂಡರು. ಮಂಗಳವಾರ ಬಂತು. ಹೋಗಬಾರದು ಎಂದು ಮುಂಜಾನೆಯಿಂದ ಹೇಳಿಕೊಂಡೆ. ಮಧ್ಯಾಹ್ನ ಹಸಿವಾಯಿತು, ಕಾಲು ತಾನಾಗಿ ಎಳೆದುಕೊಂಡು ಹೋಯಿತು. ಖಾನಾವಳಿ ಖಾಲಿ ಇತ್ತು. ಉಂಡೆ, ಕೈ ತೊಳೆದೆ, ಎದ್ದೆ.

"ಏನು, ಇವತ್ತ ಬಾಯಿಗೆ ಹೊಲಿಗಿ ಹಾಕಿಸಿಕೊಂಡ ಬಂದೀಯೇನು?" ಒಲೆಯ ಹಿಂದಿನಿಂದ ತುಳಜವ್ವ ಕೇಳಿದಳು.

"ಇನ್ನ ಕೇಳೂದಿಲ್ಲ. ಅದು ಅಕ್ಷರದ ಮಾತಲ್ಲ, ನಿಂದ ಅಂತ ಗೊತ್ತಾತಲ್ಲ. ನಿನ್ನ ಒಲ್ಲೆಗೆ ಮರ್ಯಾದಿ ಕೊಡಬೇಕಲ್ಲ."

"ಅಯ್ಯ ನನ್ನ ಮರ್ಯಾದಿ ಪುರುಷಾ!" ಹೆಂಚಿನ ಮೇಲೆ ರೊಟ್ಟಿ ಹಾಕಿ ಹಿಟ್ಟಿನ ಕೈಯಲ್ಲೇ ನನ್ನ ಕಡೆ ತಿರುಗಿದಳು. "ಹನ್ನೊಂದ ವರ್ಷ ನೀ ಕೇಳಿದ್ದು ಯಾರನ್ನ? ಒಂದ ದಿನರ ನನ್ನ ಮಾರಿ ನೋಡಿ ಕೇಳೀಯೇನು? ಬಾಗಲದಾಗ ನಿಂತು ಕತ್ತ ಮ್ಯಾಲೆತ್ತಿ ಆ ಹಲಗೀನ ಕೇಳತಿದ್ದಿ. ನಾ ಬೈದ್ರ ಅಕ್ಷರ ಬೈತು, ನಾ ಒಲ್ಲೆ ಅಂದ್ರ ಅಕ್ಷರ ಒಲ್ಲೆ ಅಂತು. ಒಂದ ಸಲಾ ನಾ ಹೂಂ ಅಂದಿದ್ರ ಏನಂತಿದ್ದಿ? ಬಣ್ಣ ಮಾಸೇತಿ ಅಂತಿದ್ದಿ. ಅಂಥಾ ಗಂಡನ್ನ ಕಟಗೊಂಡು ನಾ ಏನ ಮಾಡ್ಲಿ? ಮನ್ಯಾಗ ನಾ ಒಂದ ಮಾತಾಡಿದ್ರ ಅಂವ ಎದ್ದು ಹೊರಗ ಹೋಗಿ ಹಲಗಿ ನೋಡಿ ಬರಬೇಕು!"

ನಾನು ಆಕೆಯ ಮುಖ ನೋಡಿದೆ. ನಿಜ ಹೇಳುತ್ತೇನೆ, ಸರಿಯಾಗಿ ನೋಡಿದ್ದು ಅದೇ ಮೊದಲು. ಎಡ ಹುಬ್ಬು ಪೂರ್ತಿ ಬೆಳ್ಳಗಾಗಿದೆ, ಬಲದ್ದು ಇನ್ನೂ ಕಪ್ಪು. ಗದ್ದದ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆ. ಬೈಯುವಾಗ ಆ ಕಲೆ ಸ್ವಲ್ಪ ಕುಣಿಯುತ್ತದೆ. ಇಷ್ಟು ವರ್ಷ ಇದೆಲ್ಲ ಇಲ್ಲೇ ಇತ್ತು, ಹಲಗೆಯಿಂದ ಮೂರು ಮೊಳ ಕೆಳಗೆ.

"ತುಳಜಾ" ಎಂದೆ. ಹೆಸರಿನ ಕೊನೆಯ 'ಅವ್ವ' ಬಿಟ್ಟುಹೋದದ್ದು ನನಗೇ ಆಮೇಲೆ ಗೊತ್ತಾಯಿತು. "ನನ್ನ ಜೋಡಿ ಇರ್ತೀಯೇನು?"

ಬೈಗುಳ ಬರುತ್ತದೆಂದು ಕಾದೆ. ಎಮ್ಮೆಯೂ ಇಲ್ಲ, ಪ್ರೈಮರೂ ಇಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು, ಹೊರಗೆ ನಿಂತ ಬಸ್ಸನ್ನು ನೋಡಿದಳು. ಹೆಂಚಿನಿಂದ ಹೊಗೆ ಏಳತೊಡಗಿತು.

"ಏ ಮೂಳಾ! ಕಣ್ಣ ಬಿಟಗೊಂಡ ನಿಂತಿ, ರೊಟ್ಟಿ ಹೊತ್ತಾಕತ್ತೈತಿ! ಈ ಕಡೆ ಬಾ, ತಿರುವಿ ಹಾಕು!"

ಆ ಒಲೆಯ ಹಿಂದಕ್ಕೆ ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿ ಕಾಲಿಟ್ಟಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ. ಬೆರಳು ಸುಟ್ಟುಕೊಂಡೆ, ರೊಟ್ಟಿ ಎರಡು ತುಂಡಾಯಿತು. "ಹಂಗಲ್ಲ, ಅಂಚಿಗೆ ಹಿಡಿ. ಬ್ರಷ್ ಹಿಡದಂಗ ಹಿಡೀಬ್ಯಾಡ." ಎರಡನೆಯದೂ ಹರಿಯಿತು. ಮೂರನೆಯದಕ್ಕೆ ನನ್ನ ಮಣಿಕಟ್ಟು ಹಿಡಿದು ತಾನೇ ತಿರುವಿಸಿದಳು. ಅಷ್ಟರಲ್ಲಿ ಗಲಗಲಿ ಡಾಕ್ಟರು ಊಟಕ್ಕೆ ಬಂದರು. ಅವರ ಬೋರ್ಡು ಇನ್ನೂ ತಿದ್ದುವುದಿತ್ತು. ತಾಟಿನಲ್ಲಿ ಬಿದ್ದ ಕಪ್ಪು ತುಂಡುಗಳನ್ನು ನೋಡಿ ನಕ್ಕು, "ವಾಹ್, ರೊಟ್ಟಿ ಎಷ್ಟ ಚಂದ ಆಗ್ಯಾವ!" ಎಂದರು.

"ಸುಳ್ಳ ಹೇಳಬ್ಯಾಡ್ರಿ, ಹೊತ್ಯಾವ" ಎಂದಳು ತುಳಜವ್ವ. ನನ್ನ ಮಣಿಕಟ್ಟು ಇನ್ನೂ ಆಕೆಯ ಕೈಯಲ್ಲೇ ಇತ್ತು. "ಇಂವ ಕಲಿಯೂತನಾ ಊರ ಮಂದಿಯೆಲ್ಲಾ ಹೊತ್ತಿದ್ದನ್ನ ತಿನ್ನಬೇಕು. ಯಾರರ ಕೇಳಿದ್ರ ಹಂಗಂತ ಹೇಳ್ರಿ."